ಆಪಾದಿತನ ವಕೀಲನ ಕಾಯಕವೂ ಅದರ ಅಳತೆಯೂ

(ಶ್ರೀಮಠದ ಮಹೋತ್ಸವದಲ್ಲಿ ನೆರೆದ ಭಕ್ತಮಹಾಜನರ ಮುಂದೆ ಮಾಡಿದ ಉಪನ್ಯಾಸ)

ಮಠದ ಮಹೋತ್ಸವವೆಂದರೆ ಭಕ್ತಿ, ಜ್ಞಾನ, ವೈರಾಗ್ಯಗಳನ್ನು ಕುರಿತ ಉಪನ್ಯಾಸಗಳು ನಡೆಯುವುದು ವಾಡಿಕೆಯಷ್ಟೆ. ಇಂತಹ ಸಭೆಯಲ್ಲಿ ವಕೀಲರ ಮಾತೇಕೆ? ಅದರಲ್ಲಿಯೂ ಕಳವು, ಹೊಡೆದಾಟ, ಕೊಲೆ ಮೊದಲಾದ ಆಪಾದನೆಗಳನ್ನು ಹೊತ್ತವರ ಪರವಾಗಿ ವಾದಿಸತಕ್ಕ ವಕೀಲರ ಮಾತೇಕೆ? ಎಂಬ ಶಂಕೆ ಕೆಲವರಲ್ಲಿ ಹುಟ್ಟಬಹುದು. ಶಂಕೆಯು ಸಹಜವಾದುದೇ. ಆದರೆ ಮಠದ ಬಾಗಿಲಿಗೆ ನೊಂದು ಬರುವವರಲ್ಲಿ ಕೋರ್ಟು ಕಚೇರಿಗಳಿಗೆ ಅಲೆದು ಬಳಲಿದವರೂ ಉಂಟು. ಮಗನು ಠಾಣೆಯಲ್ಲಿರುವನೆಂದು ಅಳುತ್ತ ಬಂದ ತಾಯಿ ಮೊದಲು ಗುರುವಿನ ಪಾದವನ್ನೂ, ಅನಂತರ ವಕೀಲನ ಮನೆಯ ಜಗಲಿಯನ್ನೂ ಹುಡುಕುತ್ತಾಳೆ. ಆ ಜಗಲಿಯ ಮೇಲೆ ಕುಳಿತವನ ಹೆಗಲಿನ ಹೊರೆ ಎಷ್ಟು, ಆತನ ಮನಸ್ಸು ಯಾವ ಸ್ಥಿತಿಯಲ್ಲಿದೆ, ಅಷ್ಟು ಹೊರೆಯನ್ನು ಹೊತ್ತೂ ಆತನು ತನ್ನ ಕಾಯಕದಲ್ಲಿ ಹೇಗೆ ನೆಲೆನಿಲ್ಲಬಲ್ಲನು ಎಂಬುದು ಆದುದರಿಂದ ಆ ತಾಯಿಯ ಪ್ರಶ್ನೆಯೂ ಹೌದು, ಸಮಾಜದ ಪ್ರಶ್ನೆಯೂ ಹೌದು.

ಶರಣರು ಕಾಯಕಗಳಲ್ಲಿ ಮೇಲುಕೀಳನ್ನು ಎಣಿಸಲಿಲ್ಲ. ಬಟ್ಟೆ ಒಗೆಯುವ ಮಾಚಯ್ಯನೂ, ದೋಣಿ ನಡೆಸುವ ಚೌಡಯ್ಯನೂ, ಹಗ್ಗ ಹೊಸೆಯುವ ಚಂದಯ್ಯನೂ ಒಂದೇ ಮಂಟಪದಲ್ಲಿ ಕುಳಿತರೆಂಬುದು ಈ ಸಭೆಗೆ ಹೊಸ ಸಂಗತಿಯಲ್ಲ. ಇಂದಿನ ಜನರಾದರೋ ಆಪಾದಿತನ ವಕೀಲನ ಕೆಲಸವನ್ನು ಒಂದು ಬಗೆಯ ಅನುಮಾನದಿಂದಲೇ ನೋಡುತ್ತಾರೆ. "ಕಳ್ಳನಿಗೆ ಬೆಂಬಲವಾಗಿ ನಿಂತವನು" ಎಂದು ಸಂತೆಯಲ್ಲಿಯೂ ಬಸ್ಸಿನಲ್ಲಿಯೂ ಆಡಿಕೊಳ್ಳುತ್ತಾರೆ. ತಮ್ಮ ಮನೆಯವನೇ ಕಟಕಟೆಯಲ್ಲಿ ನಿಂತ ದಿನ ಮಾತ್ರ ಆ ಮಾತು ನಾಲಗೆಗೆ ಬಾರದು. ಆಪಾದನೆ ಎಂಬುದು ಅಪರಾಧವಲ್ಲ. ಅಪರಾಧವು ನಡೆಯಿತೋ ಇಲ್ಲವೋ ಎಂದು ಕೇಳುವ ಪ್ರಶ್ನೆ ಮಾತ್ರ. ಆ ಪ್ರಶ್ನೆಗೆ ಒಂದು ಕಡೆಯಿಂದ ಉತ್ತರ ಕೊಡಲು ಪೊಲೀಸರಿದ್ದಾರೆ, ಸರ್ಕಾರದ ಅಭಿಯೋಜಕರಿದ್ದಾರೆ, ಸರ್ಕಾರದ ಬೊಕ್ಕಸವಿದೆ. ಇನ್ನೊಂದು ಕಡೆಯಲ್ಲಿ ಇರತಕ್ಕವನು ವಕೀಲನೊಬ್ಬನೇ.

ಇದನ್ನರಿತೇ ಭಾರತದ ಸಂವಿಧಾನವು ತನ್ನ 22ನೆಯ ಅನುಚ್ಛೇದದಲ್ಲಿ, ಬಂಧಿತನಾದವನಿಗೆ ತನ್ನ ಇಚ್ಛೆಯ ವಕೀಲನೊಡನೆ ಸಮಾಲೋಚಿಸುವ ಹಕ್ಕನ್ನು ಕೊಟ್ಟಿತು. 1976ರ 42ನೆಯ ತಿದ್ದುಪಡಿಯಿಂದ ಸೇರಿದ 39ಎ ಅನುಚ್ಛೇದವು, ಬಡತನದ ಕಾರಣದಿಂದ ಯಾರಿಗೂ ನ್ಯಾಯವು ತಪ್ಪಬಾರದು, ಅದಕ್ಕಾಗಿ ಉಚಿತವಾದ ಕಾನೂನಿನ ನೆರವು ದೊರೆಯಬೇಕು ಎಂದು ಆದೇಶಿಸಿತು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಾಗಿ, 1995ರ ನವೆಂಬರ್ 9ರಿಂದ ಅದು ಜಾರಿಗೆ ಬಂದಿತು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಸಹ, ಆಪಾದಿತನು ತಪ್ಪಿತಸ್ಥನೆಂದು ವಕೀಲನ ಮನಸ್ಸಿಗೆ ತೋರಿದರೂ ಆತನ ಪರವಾಗಿ ವಾದಿಸತಕ್ಕದ್ದೇ ಧರ್ಮವೆಂದು ವಿಧಿಸಿವೆ. ಇಂಥವನ ಪರವಾಗಿ ಯಾರೂ ನಿಲ್ಲಕೂಡದೆಂದು ವಕೀಲರ ಸಂಘವೊಂದು ನಿರ್ಣಯ ಮಾಡಿದರೆ ಆ ನಿರ್ಣಯವೇ ಶೂನ್ಯವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಸ್ಪಷ್ಟಪಡಿಸಿತು. ಹೀಗೆ ದೇಶದ ಮೂಲಶಾಸನವೂ ವೃತ್ತಿಯ ಧರ್ಮವೂ ಎತ್ತಿಹಿಡಿದಿರುವ ಕೆಲಸವನ್ನು ಕಾಯಕವೆಂದು ಕರೆಯಲು ಅಡ್ಡಿಯೇನು?

ಈ ಕಾಯಕವು ಮಲೆನಾಡಿನ ಅಂಚಿನಲ್ಲಿ ಯಾವ ರೂಪವನ್ನು ತಾಳುತ್ತದೆಂಬುದನ್ನು ಈಗ ನೋಡಬಹುದು. ಹಳೆಯ ಮಂಜರಾಬಾದು ಸೀಮೆಯ ಸಕಲೇಶಪುರವು ಹೇಮಾವತಿಯ ದಡದಲ್ಲಿದೆ; ಜಿಲ್ಲಾ ಸೆಷನ್ಸ್ ನ್ಯಾಯಾಲಯವಿರುವ ಹಾಸನವು ಅಲ್ಲಿಂದ ಸುಮಾರು 40 ಕಿಲೋಮೀಟರು. ಆಲೂರು ಇವೆರಡರ ನಡುವೆ ಇದೆ. ತೋಟಗಳಲ್ಲಿ ಕಾಫಿ, ಮೆಣಸು, ಏಲಕ್ಕಿ. ತಗ್ಗಿನಲ್ಲಿ ಬತ್ತದ ಗದ್ದೆ. ಇಲ್ಲಿ ಹುಟ್ಟುವ ಮೊಕದ್ದಮೆಗಳೂ ಈ ನೆಲದ ಫಸಲುಗಳೇ ಆಗಿವೆ. ಕಣದಲ್ಲಿ ಒಣಗಲು ಹರಡಿದ ಕಾಫಿಯ ಕಳವು, ಮೆಣಸಿನ ಕಳವು, ಬೇಲಿಯ ಜಗಳದಿಂದಾದ ಹೊಡೆದಾಟ, ಶಿರಾಡಿ ಘಾಟಿಯ ಹೆದ್ದಾರಿಯಲ್ಲಿ ನಡೆದ ಅಪಘಾತ ಇವೆಲ್ಲ ಇಲ್ಲಿಯ ಕಡತಗಳೇ. ಆನೆಗಳು ತೋಟಕ್ಕಿಳಿಯುವ ಈ ಸೀಮೆಯಲ್ಲಿ ಯಾವನಾದರೊಬ್ಬನು ಬೇಲಿಗೆ ವಿದ್ಯುತ್ತನ್ನು ಹರಿಸಿ, ಆನೆಯೊಂದು ಸತ್ತರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಮೊಕದ್ದಮೆ ನಡೆಯುತ್ತದೆ. ಅಸ್ಸಾಮು, ಬಂಗಾಳಗಳಿಂದ ತೋಟದ ಕೂಲಿಗೆಂದು ಬಂದವನು ಆಪಾದಿತನಾದರೆ ಆತನಿಗೆ ಕನ್ನಡವೇ ಬಾರದು. ವಕೀಲನು ದುಭಾಷಿಯನ್ನು ಹುಡುಕಿಕೊಂಡು ಹೊರಡಬೇಕು.

ಇಲ್ಲಿಯ ಋತುಗಳೂ ವಕೀಲನ ಲೆಕ್ಕದಲ್ಲಿ ಸೇರುತ್ತವೆ. ಕಾಫಿಯ ಕೊಯ್ಲಿನ ತಿಂಗಳುಗಳಲ್ಲಿ ಒಂದು ದಿನದ ಕೂಲಿಯನ್ನು ಬಿಟ್ಟು ಸಾಕ್ಷಿ ಹೇಳಲು ಬರುವವರು ವಿರಳ. ಮುಂಗಾರಿನಲ್ಲಿ ದಾರಿಯೇ ನಿಲ್ಲುವುದುಂಟು: 2018ರ ಆಗಸ್ಟಿನಲ್ಲಿ ಘಾಟಿಯ ರಸ್ತೆಯೂ ರೈಲುದಾರಿಯೂ ಗುಡ್ಡ ಕುಸಿದು ಕಡಿದುಹೋದವು, 2024ರ ಜುಲೈಯಲ್ಲಿಯೂ ಸಕಲೇಶಪುರದ ಬಳಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಸಂಜೆಯಾಯಿತೆಂದರೆ ಆನೆಯ ಭಯದಿಂದ ಕಕ್ಷಿದಾರನು ಬೇಗನೆ ಊರು ಸೇರಬೇಕೆನ್ನುತ್ತಾನೆ. ಆತನೊಡನೆ ಕುಳಿತು ಸಮಾಧಾನವಾಗಿ ಮಾತನಾಡಬೇಕಾದ ಹೊತ್ತೇ ಹೀಗೆ ಕೈತಪ್ಪುತ್ತದೆ.

ಇಂತಹ ಸೀಮೆಯ ವಕೀಲನೊಬ್ಬನ ಒಂದು ದಿನವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಪಟ್ಟಣದ ದೊಡ್ಡ ವಕೀಲರಂತೆ ಒಂದೇ ಬಗೆಯ ಮೊಕದ್ದಮೆಯನ್ನು ಹಿಡಿದು ಬಾಳುವ ಸೌಕರ್ಯವು ತಾಲ್ಲೂಕಿನ ವಕೀಲನಿಗಿಲ್ಲ. ಬೆಳಗ್ಗೆ ಜಗಲಿಯಲ್ಲಿ ಎಂಟು ಮಂದಿ ಕಾದಿರುವರು. ಹನ್ನೊಂದು ಗಂಟೆಗೆ ಮ್ಯಾಜಿಸ್ಟ್ರೇಟರ ಮುಂದೆ ಜಾಮೀನಿನ ಅರ್ಜಿ. ಅದೇ ಹೊತ್ತಿಗೆ ಪಕ್ಕದ ಕೊಠಡಿಯಲ್ಲಿ ಗಡಿತಂಟೆಯ ದಾವೆ. ಮಧ್ಯಾಹ್ನ ಹಾಸನದಲ್ಲಿ ಕೊಲೆ ಮೊಕದ್ದಮೆಯ ವೈದ್ಯಸಾಕ್ಷಿಗೆ ಪಾಟೀಸವಾಲು. ಒಂದು ದೇಹವು ಮೂರು ಕಡೆ ಇರಲಾರದು. ಆದುದರಿಂದ ಒಂದು ಕಡೆಗೆ ಕಿರಿಯನನ್ನು ಕಳುಹಿಸಿ ವಾಯಿದೆ ಕೇಳಬೇಕು, ನ್ಯಾಯಾಧೀಶರ ಅಸಮಾಧಾನವನ್ನು ಸಹಿಸಬೇಕು. ರಾತ್ರಿ ಊಟವಾದ ಮೇಲೆ ಮರಣೋತ್ತರ ಪರೀಕ್ಷೆಯ ವರದಿಯನ್ನೂ, ಮಕ್ಕಳ ಮೇಲೆ ನಡೆದ ದೌರ್ಜನ್ಯದ ಹೇಳಿಕೆಗಳನ್ನೂ ಓದಬೇಕು. ಪಕ್ಕದ ಕೋಣೆಯಲ್ಲಿ ತನ್ನ ಮಗುವೇ ನಿದ್ದೆ ಮಾಡುತ್ತಿರುತ್ತದೆ. ಆ ಕಡತವನ್ನು ಮುಚ್ಚಿಟ್ಟರೂ ಅದರೊಳಗಿನ ಚಿತ್ರಗಳು ಮುಚ್ಚಿಹೋಗವು.

ಇದರ ಜೊತೆಗೆ 2024ರ ಜುಲೈ 1ರಿಂದ ಇನ್ನೊಂದು ಭಾರ ಬಂದು ಸೇರಿತು. 1860ರ ದಂಡಸಂಹಿತೆ, 1872ರ ಸಾಕ್ಷ್ಯ ಕಾಯಿದೆ, 1973ರ ದಂಡ ಪ್ರಕ್ರಿಯಾ ಸಂಹಿತೆ ಈ ಮೂರರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗಳು ಜಾರಿಗೆ ಬಂದವು. ಕೊಲೆಗೆ ದಂಡನೆಯನ್ನು ಹೇಳುವ 302ನೆಯ ಕಲಮು 103 ಆಯಿತು; ಕಳವಿನ 379ನೆಯ ಕಲಮು 303 ಆಯಿತು. ಆದರೆ ಆ ದಿನಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ದಂಡಸಂಹಿತೆಯೇ ಅನ್ವಯಿಸುತ್ತದೆ. ಆದುದರಿಂದ ವಕೀಲನು ಬೆಳಗ್ಗೆ ಒಂದು ಶಾಸ್ತ್ರವನ್ನೂ ಮಧ್ಯಾಹ್ನ ಇನ್ನೊಂದು ಶಾಸ್ತ್ರವನ್ನೂ ಬಾಯಲ್ಲಿಟ್ಟುಕೊಳ್ಳಬೇಕಾಗಿದೆ. ಮೂವತ್ತು ವರ್ಷಗಳ ಅಭ್ಯಾಸವುಳ್ಳ ಹಿರಿಯನೂ ಈ ವಿಷಯದಲ್ಲಿ ಮತ್ತೆ ವಿದ್ಯಾರ್ಥಿಯಾಗಿದ್ದಾನೆ.

ಕೆಲಸ ಹೆಚ್ಚಾದರೆ ಆದುದೇನು, ರೈತನಿಗೆ ಕೆಲಸ ಹೆಚ್ಚಲ್ಲವೆ, ತೋಟದ ಆಳಿಗೆ ಹೆಚ್ಚಲ್ಲವೆ ಎಂದು ಕೇಳುವವರುಂಟು. ಮಾತು ನಿಜವೇ. ಆದರೆ ಇಲ್ಲಿ ಒಂದು ಭೇದವಿದೆ. ದಣಿದ ವಕೀಲನ ತಪ್ಪಿನ ಫಲವನ್ನು ಉಣ್ಣತಕ್ಕವನು ವಕೀಲನಲ್ಲ, ಕಟಕಟೆಯಲ್ಲಿರುವವನು. ಬಂಧನವಾಗಿ ನಿಯತವಾದ 60 ಅಥವಾ 90 ದಿನಗಳೊಳಗೆ ಪೊಲೀಸರು ದೋಷಾರೋಪಣೆಯ ಪಟ್ಟಿಯನ್ನು ಸಲ್ಲಿಸದಿದ್ದರೆ ಆಪಾದಿತನಿಗೆ ಜಾಮೀನು ಪಡೆಯುವ ಹಕ್ಕುಂಟು. ಆದರೆ ಪಟ್ಟಿಯು ಸಲ್ಲುವ ಮೊದಲೇ ಅದನ್ನು ಕೇಳಬೇಕು. ಕೇಳದೆ ಬಿಟ್ಟರೆ ಆ ಹಕ್ಕು ಜಾರಿಹೋಗುತ್ತದೆ. ನೂರಾರು ಕಡತಗಳ ನಡುವೆ ಒಂದು ತಾರೀಖು ಮರೆತರೆ ಸಾಕು, ಒಬ್ಬ ಬಡವನು ತಿಂಗಳುಗಟ್ಟಲೆ ಸೆರೆಯಲ್ಲಿ ಉಳಿಯುತ್ತಾನೆ. 2022ರ ಅಂತ್ಯದಲ್ಲಿ ಭಾರತದ ಸೆರೆಮನೆಗಳಲ್ಲಿದ್ದ ಸುಮಾರು 5,73,000 ಬಂದಿಗಳಲ್ಲಿ ಸುಮಾರು 4,34,000 ಮಂದಿ ಇನ್ನೂ ವಿಚಾರಣೆಯನ್ನೇ ಕಾಯುತ್ತಿದ್ದರು. ನಾಲ್ವರಲ್ಲಿ ಮೂವರು ಎಂದಾಯಿತು.

ಅವಸರದ ವಾದದಿಂದ ಏನಾಗಬಹುದೆಂಬುದಕ್ಕೆ ಮಧ್ಯಪ್ರದೇಶದ ಅನೋಖಿಲಾಲ್ ಮೊಕದ್ದಮೆಯು ದೊಡ್ಡ ಪಾಠವಾಗಿದೆ. 2013ರ ಫೆಬ್ರವರಿ 19ರಂದು ಆತನಿಗಾಗಿ ನ್ಯಾಯಾಲಯವು ವಕೀಲನೊಬ್ಬನನ್ನು ನೇಮಿಸಿತು. ಅದೇ ದಿನ ದೋಷಾರೋಪವನ್ನೂ ರಚಿಸಿತು. ಹದಿನೈದು ದಿನಗಳೊಳಗೆ ವಿಚಾರಣೆ ಮುಗಿದು ಮರಣದಂಡನೆಯಾಯಿತು. ಕಡತವನ್ನು ಓದುವುದಕ್ಕೂ ಕಕ್ಷಿದಾರನನ್ನು ಕಂಡು ಮಾತನಾಡುವುದಕ್ಕೂ ಆ ವಕೀಲನಿಗೆ ಹೊತ್ತೇ ದೊರೆಯಲಿಲ್ಲ. 2019ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡಿ ಹೊಸ ವಿಚಾರಣೆಗೆ ಆಜ್ಞಾಪಿಸಿತು. ಮರಣ ಅಥವಾ ಆಜೀವ ಸೆರೆಯ ಶಿಕ್ಷೆ ಒದಗಬಹುದಾದ ಮೊಕದ್ದಮೆಗಳಲ್ಲಿ ಹತ್ತು ವರ್ಷಗಳಿಗೆ ಕಡಮೆಯಿಲ್ಲದ ಅನುಭವವುಳ್ಳ ವಕೀಲರನ್ನೇ ನೇಮಿಸಬೇಕೆಂದೂ, ಸಿದ್ಧತೆಗೆ ಸಾಮಾನ್ಯವಾಗಿ ಏಳು ದಿನಗಳಾದರೂ ಬೇಕೆಂದೂ ವಿಧಿಸಿತು. ಆ ಬಳಿಕವೂ ಮೊಕದ್ದಮೆ ಹಲವು ಮೆಟ್ಟಿಲುಗಳನ್ನು ಹತ್ತಿಳಿದು, ಕೊನೆಗೆ 2024ರಲ್ಲಿ ಆತನು ಖುಲಾಸೆಯಾದನು. ಹನ್ನೊಂದು ವರ್ಷಗಳು ಕಳೆದಿದ್ದವು. ಹೊತ್ತು ಎಂಬುದು ವಕೀಲನಿಗೆ ಸುಖದ ಸಾಮಗ್ರಿಯಲ್ಲ, ಆಪಾದಿತನಿಗೆ ಸಲ್ಲಬೇಕಾದ ನ್ಯಾಯದ ಒಂದು ಅಂಗ ಎಂಬುದು ಇದರಿಂದ ವಿಶದವಾಗುತ್ತದೆ.

ಇನ್ನು ವಕೀಲನ ಮನಸ್ಸಿನೊಳಗೆ ಏನಾಗುತ್ತದೆಂಬುದನ್ನು ವಿಚಾರಿಸಬೇಕು. ಪರರ ದುಃಖದ ನಡುವೆ ದುಡಿಯುವವರಲ್ಲಿ ಕಾಣುವ ಒಂದು ವಿಶೇಷವಾದ ಬಳಲಿಕೆಯನ್ನು 1974ರಲ್ಲಿ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ವಿವರಿಸಿದರು. ಉರಿದು ಬರಿದಾದ ದೀಪದಂತಹ ಸ್ಥಿತಿ ಅದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದಲ್ಲಿ ಇದನ್ನು ರೋಗವೆಂದು ಹೇಳದೆ, ಕೆಲಸದ ಸ್ಥಳದಲ್ಲಿ ಪರಿಹಾರ ಕಾಣದೆ ಉಳಿದ ಒತ್ತಡದ ಫಲವೆಂದು ಹೇಳಿ, ಮೂರು ಲಕ್ಷಣಗಳನ್ನು ಎಣಿಸಿದೆ. ಶಕ್ತಿಯು ಬತ್ತಿಹೋಗುವುದು ಮೊದಲನೆಯದು. ಕೆಲಸದಿಂದ ಮನಸ್ಸು ದೂರ ಸರಿದು ಎಲ್ಲದರಲ್ಲಿಯೂ ತಾತ್ಸಾರ ಹುಟ್ಟುವುದು ಎರಡನೆಯದು. ತನ್ನಿಂದೇನೂ ಆಗದೆಂಬ ಭಾವವು ಬಲಿಯುವುದು ಮೂರನೆಯದು. ಇವುಗಳಲ್ಲಿ ಎರಡನೆಯದೇ ಭಯಂಕರವಾದುದು. ದಣಿದ ವಕೀಲನು ಒಂದು ರಾತ್ರಿಯ ನಿದ್ದೆಯಿಂದ ಚೇತರಿಸಿಕೊಳ್ಳಬಹುದು. ತಾತ್ಸಾರ ಹುಟ್ಟಿದ ವಕೀಲನು ಮಾತ್ರ ಕಕ್ಷಿದಾರನ ಮುಖವನ್ನು ನೋಡದೆ ಕಡತದ ನಂಬರನ್ನು ಮಾತ್ರ ನೋಡತೊಡಗುತ್ತಾನೆ. "ತಪ್ಪೊಪ್ಪಿಕೊಂಡುಬಿಡು, ಬೇಗ ಮುಗಿಯುತ್ತದೆ" ಎಂಬ ಮಾತು ಆತನ ಬಾಯಿಂದ ಸುಲಭವಾಗಿ ಬರುತ್ತದೆ. ಕೆಲವರು ಮದ್ಯದ ಆಸರೆಯನ್ನೂ ಹಿಡಿಯುತ್ತಾರೆ. ಅಮೆರಿಕದಲ್ಲಿ 12,825 ವಕೀಲರನ್ನು ವಿಚಾರಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅವರಲ್ಲಿ ಐವರಲ್ಲೊಬ್ಬರ ಕುಡಿತವು ಅಪಾಯದ ಮೇರೆಯನ್ನು ಮುಟ್ಟಿತ್ತೆಂದೂ, ನೂರಕ್ಕೆ 28 ಮಂದಿಯಲ್ಲಿ ಖಿನ್ನತೆಯ ಚಿಹ್ನೆಗಳಿದ್ದವೆಂದೂ ತಿಳಿಸಿತು.

ಆದರೆ ಅಷ್ಟೇ ಹೊರೆಯನ್ನು ಹೊತ್ತ ಇಬ್ಬರು ವಕೀಲರಲ್ಲಿ ಒಬ್ಬನು ಬಾಡಿದರೆ ಇನ್ನೊಬ್ಬನು ಅರಳಿರುವುದನ್ನು ಲೋಕದಲ್ಲಿ ಕಾಣುತ್ತೇವಲ್ಲವೆ? ಇದಕ್ಕೆ ಕಾರಣವೇನು? ಹಾಲೆಂಡಿನ ಉಟ್ರೆಕ್ಟ್ ವಿದ್ಯಾಪೀಠದ ವಿದ್ವಾಂಸರು ಕಾಯಕದಲ್ಲಿ ತೊಡಗಿದ ಮನಸ್ಸಿಗೆ ಹುರುಪು, ನಿಷ್ಠೆ, ತನ್ಮಯತೆ ಎಂಬ ಮೂರು ಗುಣಗಳನ್ನು ಹೇಳಿದ್ದಾರೆ. 2001ರಲ್ಲಿ ಪ್ರಕಟವಾದ ಒಂದು ಸಿದ್ಧಾಂತದಂತೆ, ಪ್ರತಿಯೊಂದು ಉದ್ಯೋಗದಲ್ಲಿಯೂ ಕೆಲಸವು ಮನುಷ್ಯನಿಂದ ಬೇಡುವುದು ಒಂದು ತಟ್ಟೆಯಾದರೆ, ಕೆಲಸವು ಮನುಷ್ಯನಿಗೆ ಒದಗಿಸುವ ಆಸರೆಯು ಇನ್ನೊಂದು ತಟ್ಟೆ. ಬೇಡಿಕೆಯೊಂದೇ ಏರಿದರೆ ಬಳಲಿಕೆ. ಆಸರೆಯು ಬತ್ತಿದರೆ ವಿರಕ್ತಿ. ಆಸರೆಯೆಂದರೆ ಏನು? ತನ್ನ ಕೆಲಸದ ಕ್ರಮವನ್ನು ತಾನೇ ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯ, ಸಂಶಯ ಬಂದಾಗ ಕೇಳಲು ಒಬ್ಬ ಹಿರಿಯ, ಸೋತು ಬಂದ ಸಂಜೆ ಚಹಾ ಕುಡಿಸಿ ಮಾತನಾಡುವ ಒಬ್ಬ ಜೊತೆಗಾರ, ಕಕ್ಷಿದಾರನಿಂದ ಒಂದು ಕೃತಜ್ಞತೆಯ ನುಡಿ, ಸಕಾಲದಲ್ಲಿ ಬರುವ ಸಂಭಾವನೆ. ಇವು ಸಣ್ಣವೆಂದು ತೋರಿದರೂ ಮನಸ್ಸಿನ ತಕ್ಕಡಿಯನ್ನು ಸಮನಾಗಿ ಹಿಡಿಯತಕ್ಕವು ಇವೇ.

ಈ ನವೀನ ಶಾಸ್ತ್ರದ ಸಾರವನ್ನು ಶರಣಪರಂಪರೆಯ ಒಬ್ಬ ತಾಯಿ ಬಹಳ ಹಿಂದೆಯೇ ತನ್ನ ನಡೆಯಿಂದ ತೋರಿಸಿದ್ದಾಳೆ. ಆಯ್ದಕ್ಕಿ ಮಾರಯ್ಯನ ಕಾಯಕವು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದಷ್ಟೆ. ಪರಂಪರೆಯು ಆತನ ಹೆಂಡತಿ ಲಕ್ಕಮ್ಮನ ಎರಡು ಎಚ್ಚರಿಕೆಗಳನ್ನು ನೆನಪಿಟ್ಟಿದೆ. ಒಂದು ಸಲ ಮಾರಯ್ಯನು ಅನುಭವದ ಮಾತಿನಲ್ಲಿ ಮೈಮರೆತು ಕಾಯಕವನ್ನು ಮರೆತಾಗ, ಕಾಯಕ ನಿಂತಿದೆಯೆಂದು ಆಕೆ ಆತನನ್ನು ಎಚ್ಚರಿಸಿ ಕಳುಹಿಸಿದಳು. ಇನ್ನೊಂದು ಸಲ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಳತೆಗೆ ಮೀರಿದ ಅಕ್ಕಿಯನ್ನು ಒಪ್ಪದೆ, ತಂದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ಮೊದಲನೆಯ ಕಥೆಯನ್ನು ಭಕ್ತರು ಮೇಲಿಂದ ಮೇಲೆ ಹೇಳುವುದುಂಟು. ಎರಡನೆಯದರಲ್ಲಿ ಆಸೆಯ ನಿಂದೆಯನ್ನು ಮಾತ್ರ ಕಂಡು ಮುಂದೆ ಹೋಗುತ್ತಾರೆ. ಆದರೆ ಎರಡೂ ಸೇರಿಯೇ ಕಾಯಕದ ಪೂರ್ಣಸ್ವರೂಪ. ಕಾಯಕವನ್ನು ಬಿಡುವುದು ಎಷ್ಟು ದೋಷವೋ, ಅಳತೆ ಮೀರಿ ತುಂಬಿಕೊಳ್ಳುವುದೂ ಅಷ್ಟೇ ದೋಷ. ಹತ್ತು ಮಂದಿಗೆ ನ್ಯಾಯವಾಗಿ ವಾದಿಸಬಲ್ಲವನು ನಲವತ್ತು ಮಂದಿಯ ವಕಾಲತ್ತಿಗೆ ರುಜು ಹಾಕಿಸಿಕೊಂಡರೆ, ಉಳಿದ ಮೂವತ್ತು ಮಂದಿಯಿಂದ ಆತನು ಪಡೆದದ್ದು ಮಾರಯ್ಯನ ಮಡಿಲಿನ ಹೆಚ್ಚಿನ ಅಕ್ಕಿಯೇ ಅಲ್ಲವೆ? ಅದು ಹಣದ ಆಸೆಯಿಂದ ಬಂದಿರಬಹುದು. ಇಲ್ಲವೆನ್ನಲಾರದ ಕರುಣೆಯಿಂದಲೂ ಬಂದಿರಬಹುದು. ಕಟಕಟೆಯಲ್ಲಿ ನಿಂತವನ ಪಾಲಿಗೆ ಫಲವು ಒಂದೇ.

ಆಧುನಿಕ ಕಾಲದಲ್ಲಿ ಈ ಅಳತೆಯನ್ನು ಅಂಕೆಗಳಲ್ಲಿ ಹೇಳುವ ಪ್ರಯತ್ನವೂ ನಡೆದಿದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1963ರ ಗಿಡಿಯನ್ ಮೊಕದ್ದಮೆಯಲ್ಲಿ, ಘೋರಾಪರಾಧದ ಆಪಾದನೆಗೆ ಒಳಗಾದ ಬಡವನಿಗೆ ಸರ್ಕಾರವೇ ವಕೀಲನನ್ನು ಒದಗಿಸಬೇಕೆಂದು ತೀರ್ಮಾನಿಸಿತು. 1973ರಲ್ಲಿ ಅಲ್ಲಿಯ ಸಲಹಾ ಆಯೋಗವೊಂದು, ಇಂತಹ ವಕೀಲನು ವರ್ಷಕ್ಕೆ 150 ಘೋರಾಪರಾಧದ ಮೊಕದ್ದಮೆಗಳನ್ನು ಮೀರಕೂಡದೆಂದಿತು. ಐವತ್ತು ವರ್ಷಗಳ ಮೇಲೆ, 2023ರಲ್ಲಿ, ಅನುಭವಿಗಳು ಕುಳಿತು ಮತ್ತೆ ಲೆಕ್ಕ ಹಾಕಿದಾಗ ಆ ಸಂಖ್ಯೆಯು ಮಿತಿಮೀರಿದುದೆಂದು ಕಂಡಿತು. ಕೊಲೆಯ ಮೊಕದ್ದಮೆಯೊಂದಕ್ಕೇ ಸರಾಸರಿ 248 ಗಂಟೆಗಳು ಬೇಕೆಂದು ಅವರು ಹೇಳಿದರು. ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 2,080 ಗಂಟೆಗಳು; ಅಂದಮೇಲೆ ಬೇರೇನನ್ನೂ ಮುಟ್ಟದಿದ್ದರೂ ವರ್ಷಕ್ಕೆ ಅಂತಹ ಎಂಟು ಮೊಕದ್ದಮೆಗಳಷ್ಟೆ ಒಬ್ಬನಿಂದ ಸಾಧ್ಯ. ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತರಲಾಗದು. ಕಾನೂನಿನ ಕ್ರಮ ಬೇರೆ, ನಾಡು ಬೇರೆ. ಆದರೆ ವಕೀಲನ ಶ್ರಮಕ್ಕೂ ಒಂದು ಕೊಳಗ ಉಂಟು, ಅದನ್ನು ಅಳೆದು ನೋಡಬಹುದು ಎಂಬ ವಿವೇಕವು ಎಲ್ಲೆಡೆಗೂ ಸಲ್ಲತಕ್ಕದ್ದು.

ಭಾರತದಲ್ಲಿಯೂ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2022ರಲ್ಲಿ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆಯನ್ನು ರೂಪಿಸಿತು. ಹಿಂದಿನ ಕ್ರಮದಲ್ಲಿ ಸ್ವಂತ ಮೊಕದ್ದಮೆಗಳನ್ನು ನಡೆಸುತ್ತಿದ್ದ ವಕೀಲರಿಗೇ ಬಡವರ ಮೊಕದ್ದಮೆಗಳನ್ನೂ ಹಂಚಲಾಗುತ್ತಿತ್ತು. ಸಂಭಾವನೆ ಅಲ್ಪ, ಗಮನವು ವಿಭಾಗ. ಹೊಸ ಕ್ರಮದಲ್ಲಿ ಮುಖ್ಯ ಅಭಿರಕ್ಷಕರು, ಉಪ ಅಭಿರಕ್ಷಕರು, ಸಹಾಯಕ ಅಭಿರಕ್ಷಕರು ಎಂಬ ಮೂರು ಶ್ರೇಣಿಗಳುಂಟು. ಇವರು ತಿಂಗಳ ಗೌರವಧನವನ್ನು ಪಡೆದು ಆಪಾದಿತರ ಕೆಲಸವನ್ನೇ ಪೂರ್ಣಕಾಲವೂ ಮಾಡತಕ್ಕವರು. ಖಾಸಗಿ ವಕೀಲಿಯನ್ನು ಮಾಡುವಂತಿಲ್ಲ. ಹಿರಿಯನ ಪಕ್ಕದಲ್ಲಿ ಕಿರಿಯನು ಕುಳಿತು ಕಲಿಯುವ ಏರ್ಪಾಡು ಇದರಲ್ಲಿರುವುದು ದೊಡ್ಡ ಗುಣ. ಹೀಗಿದ್ದರೂ, ಕಚೇರಿಗೆ ಬರುವ ಕಡತಗಳಿಗೆ ತಕ್ಕಷ್ಟು ಮಂದಿಯನ್ನು ನೇಮಿಸದಿದ್ದರೆ ಹೆಸರು ಹೊಸದಾಗಿ ಹೊರೆ ಮಾತ್ರ ಹಳೆಯದೇ ಆದೀತು.

ಇಲ್ಲಿ ಒಂದು ಕಠಿಣವಾದ ಆಕ್ಷೇಪವಿದೆ, ಅದನ್ನು ಮರೆಮಾಡಕೂಡದು. ಅಳತೆಯಾಯಿತೆಂದು ವಕೀಲನು ಹನ್ನೊಂದನೆಯವನನ್ನು ಹಿಂದಕ್ಕೆ ಕಳುಹಿಸಿದರೆ ಆ ಹನ್ನೊಂದನೆಯವನ ಗತಿಯೇನು? ಬೆಂಗಳೂರಿನಲ್ಲಾದರೆ ಬೀದಿಗೆ ಹತ್ತು ವಕೀಲರಿರುವರು. ಬಿಸಿಲೆಯ ಕಾಡಿನಂಚಿನಿಂದ ಬಸ್ಸು ಹಿಡಿದು ಬಂದವನು ಇನ್ನೆಲ್ಲಿಗೆ ಹೋಗಬೇಕು? ಈ ಪ್ರಶ್ನೆಯೇ ಒಳ್ಳೆಯ ವಕೀಲರ ನಿದ್ದೆಯನ್ನು ಕೆಡಿಸತಕ್ಕದ್ದು. ಹೊಣೆಯರಿಯದವನಿಗೆ ಹೊರೆಯ ಚಿಂತೆ ಇಲ್ಲ. ಕರುಣೆಯುಳ್ಳವನೇ ಮೊದಲು ಬರಿದಾಗುತ್ತಾನೆ. ಇದಕ್ಕೆ ಉತ್ತರವು ವಕೀಲನೊಬ್ಬನ ಕೈಯಲ್ಲಿಲ್ಲ. ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದಾಗ ಕಲ್ಯಾಣದಲ್ಲಿ ಯಾರೂ ಹಸಿದು ಮಲಗಲಿಲ್ಲ. ಏಕೆಂದರೆ ಅಲ್ಲಿ ದಾಸೋಹ ಮಾಡುವ ಮನೆಗಳು ಇನ್ನೂ ಅನೇಕವಿದ್ದವು. ಒಬ್ಬನ ಅಳತೆಯು ಉಳಿಯಬೇಕಾದರೆ ಅನೇಕರ ಕಾಯಕವು ನಡೆಯುತ್ತಿರಬೇಕು. ಅಳತೆಯನ್ನು ಕಾಯುವ ಭಾರವು ಆದುದರಿಂದ ಇಡೀ ಸಮಾಜದ್ದು.

ಹಾಗಾದರೆ ಯಾರು ಏನು ಮಾಡಬೇಕು? ವಕೀಲರು ಮೊದಲು ತಮ್ಮೊಳಗೆ ಬಳಲಿಕೆಯನ್ನು ಅಪಮಾನವೆಂದು ತಿಳಿಯುವುದನ್ನು ಬಿಡಬೇಕು. ಹೊರೆ ಹೆಚ್ಚಾಯಿತೆಂದು ಜೊತೆಗಾರನ ಮುಂದೆ ಹೇಳುವುದು ದೌರ್ಬಲ್ಯವಲ್ಲ. ಕಕ್ಷಿದಾರನ ವಿಷಯದಲ್ಲಿ ಸತ್ಯವನ್ನು ನುಡಿದಂತೆ. ಹಿರಿಯರು ಕಿರಿಯರನ್ನು ವಾಯಿದೆ ಕೇಳುವುದಕ್ಕೆ ಮಾತ್ರ ಕಳುಹಿಸದೆ, ಪಾಟೀಸವಾಲಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಬೇಕು. ಅವರ ಊಟಕ್ಕೆ ಸಾಲುವಷ್ಟು ಸಂಭಾವನೆಯನ್ನೂ ಕೊಡಬೇಕು. ಮೊದಲ ವರ್ಷಗಳಲ್ಲಿ ಕೈಹಿಡಿದು ನಡೆಸುವ ಹಿರಿಯನಿಲ್ಲದೆ ಎಷ್ಟೋ ತರುಣರೂ ತರುಣಿಯರೂ ಈ ವೃತ್ತಿಯನ್ನೇ ಬಿಟ್ಟು ಹೋಗುತ್ತಾರೆ. ವಕೀಲರ ಸಂಘಗಳು ತಿಂಗಳಿಗೊಂದು ಸಂಜೆಯನ್ನಾದರೂ, ಗೆದ್ದ ಮೊಕದ್ದಮೆಗಳ ವರ್ಣನೆಗಲ್ಲದೆ, ಸೋತ ಮೊಕದ್ದಮೆಗಳ ಭಾರವನ್ನು ಇಳಿಸಿಕೊಳ್ಳುವುದಕ್ಕೆ ಮೀಸಲಿಡಬಹುದು. ಸರ್ಕಾರವು ಕಡತಗಳ ಸಂಖ್ಯೆಯನ್ನು ನೋಡಿ ಅಭಿರಕ್ಷಕರ ಸಂಖ್ಯೆಯನ್ನು ಗೊತ್ತುಮಾಡಬೇಕು.

ಭಕ್ತಮಹಾಜನರ ಪಾಲಿನ ಕರ್ತವ್ಯವೂ ಸಣ್ಣದಲ್ಲ. ವಕೀಲನ ಬಳಿಗೆ ಹೋದವರು ಅರ್ಧಸತ್ಯವನ್ನು ಹೇಳಿ ಆತನ ಶ್ರಮವನ್ನು ಇಮ್ಮಡಿಸಬಾರದು. ಗೊತ್ತಾದ ತಾರೀಖಿಗೆ ತಪ್ಪದೆ ಹಾಜರಾಗಬೇಕು. ಸಾಕ್ಷಿಯಾಗಿ ಕರೆ ಬಂದರೆ ಕೊಯ್ಲಿನ ನೆಪವನ್ನು ಹೇಳದೆ ಹೋಗಬೇಕು. ತೋಟದ ಒಡೆಯರು ಸಾಕ್ಷಿಗೆ ಹೋದ ಆಳಿನ ಆ ದಿನದ ಕೂಲಿಯನ್ನು ಹಿಡಿಯದಿರಬೇಕು. ನೆರೆಮನೆಯವನು ಬಂಧನಕ್ಕೊಳಗಾದರೆ ಆತನ ಮನೆಯವರನ್ನು ದೂರವಿಡದೆ ದಾರಿಯನ್ನು ತೋರಿಸಬೇಕು: ಪರಿಶಿಷ್ಟ ಜಾತಿ ಪರಿಶಿಷ್ಟ ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಸೆರೆಯಲ್ಲಿರುವವರಿಗೆ 1987ರ ಕಾಯಿದೆಯಂತೆ ವರಮಾನವನ್ನು ನೋಡದೆಯೇ ಉಚಿತ ನೆರವು ದೊರೆಯುತ್ತದೆ, ತಾಲ್ಲೂಕಿನ ಕಾನೂನು ಸೇವೆಗಳ ಸಮಿತಿಯನ್ನು ಕೇಳಬಹುದು, ಇಲ್ಲವೆ 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ತಡವಾಗಿ, ಎಲ್ಲವೂ ಕೆಟ್ಟ ಮೇಲೆ ಬಂದ ಮೊಕದ್ದಮೆಗಿಂತ ಮೊದಲ ದಿನವೇ ಬಂದ ಮೊಕದ್ದಮೆಯು ವಕೀಲನಿಗೆ ಅರ್ಧ ಹೊರೆ. ಕೊನೆಯದಾಗಿ, "ಕಳ್ಳನ ವಕೀಲ" ಎಂಬ ಮಾತನ್ನು ನಾಲಗೆಯಿಂದ ತೆಗೆದುಹಾಕಬೇಕು. ಇದಕ್ಕೆ ಕಾಸು ಖರ್ಚಿಲ್ಲ. ಆದರೆ ದಣಿದವನ ತಕ್ಕಡಿಯ ಆಸರೆಯ ತಟ್ಟೆಯಲ್ಲಿ ಇದರ ತೂಕವು ಬಹಳ.

ಮಳೆಗಾಲದ ರಾತ್ರಿಯಲ್ಲಿ ಹೇಮಾವತಿಯ ಸದ್ದು ಕೇಳುತ್ತಿರುವಾಗ, ಸಕಲೇಶಪುರದಲ್ಲಿಯೋ ಆಲೂರಿನಲ್ಲಿಯೋ ಒಂದು ಮನೆಯ ದೀಪವು ಹೊತ್ತು ಮೀರಿ ಉರಿಯುತ್ತಿರಬಹುದು. ಅಲ್ಲಿ ಒಬ್ಬನು, ಇಲ್ಲವೆ ಒಬ್ಬಳು, ಕಡತದ ಕೊನೆಯ ಹಾಳೆಯನ್ನು ತಿರುವುತ್ತ, ತನ್ನವನಲ್ಲದವನ ಬಾಳಿಗಾಗಿ ಎಚ್ಚರವಾಗಿರುತ್ತಾರೆ. ಆ ಎಚ್ಚರವು ದೊಡ್ಡದು. ಆದರೆ ಆ ದೀಪಕ್ಕೆ ಎಣ್ಣೆಯೆರೆಯುವವರು ಬೇಕು, ಹೊತ್ತಿಗೆ ಸರಿಯಾಗಿ ಅದನ್ನು ಆರಿಸಿ ಮಲಗೆಂದು ಹೇಳುವವರೂ ಬೇಕು. ನಾಳೆ ಹನ್ನೊಂದು ಗಂಟೆಗೆ ಕಟಕಟೆಯಲ್ಲಿ ನಿಲ್ಲುವವನಿಗೆ ಬೇಕಾದುದು ಬೆಳಗಿನವರೆಗೆ ಉರಿದು ಆರಿದ ದೀಪವಲ್ಲ, ಬೆಳಕುಳ್ಳ ದೀಪ. ಕಾಯಕವು ನಿಲ್ಲದಿರಲಿ, ಅಳತೆಯು ಮೀರದಿರಲಿ. ಗುರುಕೃಪೆಯಿಂದ ಎಲ್ಲರಿಗೂ ಸನ್ಮಂಗಳವಾಗಲಿ.